ಹೆಚ್ಚಿದ ಬಳೆ

ಹಿಟ್ಟಿನ ಬೋಗುಣಿಗೆ ಕೈ ಹಾಕುವಾಗ ಶಾಂತಕ್ಕನ ಎಡಗೈಯಲ್ಲಿ ಆರು ಬಳೆಗಳಿದ್ದವು. ಕರಿಯುವುದು ಮುಗಿಸಿ ಕೈ ತೊಳೆಯುವಾಗ ಐದೇ ಇದ್ದವು.

ಅವಳು ಇನ್ನೊಮ್ಮೆ ಎಣಿಸಿದಳು. ಐದೇ. ಒಲೆಯ ಉರಿ ಸಣ್ಣದು ಮಾಡಿ, ಬೋಗುಣಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಕಡಲೆಹಿಟ್ಟಿನಲ್ಲಿ ಬೆರಳಾಡಿಸಿದಳು. ತಳದಲ್ಲಿ ಒಂದು ಚೂರು ಸಿಕ್ಕಿತು, ಅಂಚಿನಲ್ಲಿ ಇನ್ನೊಂದು. ಎರಡನ್ನೂ ತೊಳೆದು ಕಟ್ಟೆಯ ಮೇಲೆ ದುಂಡಗೆ ಜೋಡಿಸಿದಳು. ಹಸಿರು ಬಳೆ ಪೂರ್ತಿ ಸುತ್ತಿಕೊಳ್ಳಲಿಲ್ಲ. ಕಿರುಬೆರಳಿನ ಒಂದು ಗೆಣ್ಣಿನಷ್ಟು ಜಾಗ ಖಾಲಿ ಉಳಿಯಿತು. ಹಿಟ್ಟನ್ನೆಲ್ಲ ಜರಡಿಗೆ ಸುರಿದು, ನೀರು ಬಿಟ್ಟು ಸೋಸಿದಳು. ಅಜವಾನದ ಕಾಳು ಉಳಿದವು, ಗಾಜು ಉಳಿಯಲಿಲ್ಲ.

ಅದೇ ಹಿಟ್ಟಿನಲ್ಲಿ ಅದ್ದಿ ಕರಿದ ಎರಡು ಮಿರ್ಚಿ ಐದು ನಿಮಿಷದ ಹಿಂದೆ ಹೊರಗಿನ ಟೇಬಲ್ಲಿಗೆ ಹೋಗಿದ್ದವು.

ಅಡುಗೆಮನೆಯ ಬಾಗಿಲಲ್ಲಿ ಮ್ಯಾನೇಜರ್ ರುದ್ರೇಶ ಗೋಡೆಗೆ ಒರಗಿ ಫೋನಿನಲ್ಲಿ ಗ್ಯಾಸ್ ಏಜೆನ್ಸಿಯವನ ಜೊತೆ ಜಗಳಕ್ಕೆ ನಿಂತಿದ್ದ. "ಇವತ್ತ ಸಿಲಿಂಡರ್ ಬರಲಿಲ್ಲಂದ್ರ ನಾವೇನು ಕೈಯಾಗ ಬಳಿ ಇಟ್ಕೊಂಡು ಕುಂತಿಲ್ರಿ," ಎನ್ನುತ್ತಿದ್ದ. ಶಾಂತಕ್ಕ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ, "ರುದ್ರೇಶಪ್ಪಾರ, ನಂದೊಂದು ಬಳಿ ಹೆಚ್ಚೈತ್ರಿ," ಎಂದಳು.

ಅವನು ಫೋನಿಗೆ ಅಂಗೈ ಅಡ್ಡ ಹಿಡಿದ. "ಹೆಚ್ಚಿದ್ರ ತಗದಿಡ್ರಿ ಅಕ್ಕಾರ. ಒಂದಲ್ಲ, ಹನ್ನೆರಡೂ ಹೆಚ್ಚ ಅಂತ ನಾ ಎರಡು ತಿಂಗಳಿಂದ ಬಡಕೊಳ್ಳಾಕತ್ತೀನಿ." ಮತ್ತೆ ಸಿಲಿಂಡರಿನ ಜಗಳಕ್ಕೆ ತಿರುಗಿದ.

ನಮ್ಮ ಕಡೆ ಬಳೆ ಒಡೆಯಿತು ಎಂದು ಯಾವ ಹೆಂಗಸೂ ಬಾಯಿಬಿಟ್ಟು ಹೇಳುವುದಿಲ್ಲ. ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಹೋಗುವವರು ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುವ ಹಾಗೆ. ಇದು ಹೆಂಗಸರು ನಡುಮನೆಯಲ್ಲಿ ಆಡುವ ಮಾತು. ರುದ್ರೇಶ ಕುಷ್ಟಗಿಯವನೇ ಆದರೂ ತಾಯಿ ಸಣ್ಣಂದಿನಲ್ಲೇ ತೀರಿಕೊಂಡು, ಐದನೇ ಇಯತ್ತೆಯಿಂದ ಹಾಸ್ಟೆಲಿನ ಸಾರು ಉಂಡು ಬೆಳೆದವನು. ಮುಂದೆ ಹೋಟೆಲ್ ಕೋರ್ಸ್ ಮಾಡಿ, ಯಾವ ಸೊಪ್ಪನ್ನು ಎಷ್ಟು ಡಿಗ್ರಿಯ ತಂಪಿನಲ್ಲಿಡಬೇಕು ಎಂಬುದನ್ನೆಲ್ಲ ಕಲಿತು ಬಂದಿದ್ದ. ಈ ಒಂದು ಮಾತನ್ನು ಅವನಿಗೆ ಯಾರು ಕಲಿಸಬೇಕಿತ್ತೋ ಅವರು ಇರಲಿಲ್ಲ.

ಗಂಗಾವತಿಯಿಂದ ಹೇಮಗುಡ್ಡದ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಆ ಕಟ್ಟಡ ನಾಲ್ಕು ವರ್ಷದ ಹಿಂದಿನವರೆಗೆ ಅಕ್ಕಿ ಗಿರಣಿಯಾಗಿತ್ತು. ಕೊಟ್ರಬಸಪ್ಪ ಸಾವಕಾರರು ಮೂವತ್ತು ವರ್ಷ ನಡೆಸಿದ್ದನ್ನು ಅವರ ಮಗ ಶರಣಕುಮಾರ ಬಿಯರಿನ ಮನೆ ಮಾಡಿದ. ಭತ್ತ ಕುದಿಸುತ್ತಿದ್ದ ಜಾಗದಲ್ಲೀಗ ಹೊಳೆಯುವ ಉಕ್ಕಿನ ದೊಡ್ಡ ಡ್ರಮ್ಮುಗಳು ನಿಂತಿವೆ. ಬಿಯರ್ ಅಲ್ಲೇ ಹುದುಗುತ್ತದೆ, ಅಲ್ಲೇ ನಲ್ಲಿಯಿಂದ ಗ್ಲಾಸಿಗೆ ಇಳಿಯುತ್ತದೆ. ಊರವರು ಮಾತ್ರ ಇಂದಿಗೂ ಮಿಲ್ಲು ಎಂದೇ ಕರೆಯುತ್ತಾರೆ. "ಎಲ್ಲಿ ಹೊಂಟಿ?" "ಮಿಲ್ಲಿಗೆ." ಮನೆಯಲ್ಲಿ ಹೇಳಿ ಬರಲಿಕ್ಕೂ ಅನುಕೂಲ.

ಬಿಯರ್ ಏನೋ ಆಯಿತು, ಜೊತೆಗೆ ತಿನ್ನಲು ಬೇಕಲ್ಲ. ಮೊದಲು ಹೊರಗಿನಿಂದ ಅಡುಗೆಯವನೊಬ್ಬ ಬಂದು ಬಾಯಿಗೆ ಹೊರಳದ ಹೆಸರಿನ ತಿಂಡಿಗಳನ್ನು ಮಾಡಿದ. ಗಂಗಾವತಿಯ ಮಂದಿ ಅವನ್ನು ನೋಡಿ, ಮೂಸಿ, "ಮಿರ್ಚಿ ಇಲ್ಲೇನ್ರಿ?" ಎಂದು ಕೇಳಿದರು. ಆಗ ಶರಣಕುಮಾರ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಗಾಡಿ ಇಟ್ಟಿದ್ದ ಶಾಂತಕ್ಕನನ್ನು ಕರೆತಂದ. ಮೆಣಸಿನಕಾಯಿ ಸೀಳಿ, ಜೀರಿಗೆ ಹುಣಸೆಹುಳಿ ಸವರಿ, ಅಜವಾನ ಹಾಕಿದ ಹಿಟ್ಟಿನಲ್ಲಿ ಅದ್ದಿ ಅವಳು ಕರಿಯುವ ಮಿರ್ಚಿಗೆ ಕೊಪ್ಪಳದಿಂದಲೂ ಜನ ಬರತೊಡಗಿದರು. ಹಿಟ್ಟನ್ನು ಅವಳು ಕೈಯಲ್ಲೇ ಬಡಿಯಬೇಕು. ಚಮಚದಿಂದ ಕಲಸಿದರೆ ಗಾಳಿ ಹಿಡಿಯುವುದಿಲ್ಲ ಎನ್ನುತ್ತಾಳೆ.

ಎರಡು ತಿಂಗಳ ಹಿಂದೆ ಆಹಾರ ಸುರಕ್ಷತೆಯ ಅಧಿಕಾರಿ ಸುರೇಖಾ ಮೇಡಂ ಬಂದು ಅಡುಗೆಮನೆ ನೋಡಿ ಹೋದ ಮೇಲೆ ಗೋಡೆಗೊಂದು ಬೋರ್ಡು ಬಿತ್ತು. ಸುದ್ದಿಪತ್ರಿಕೆಯಲ್ಲಿ ಮಿರ್ಚಿ ಕಟ್ಟಬಾರದು. ಕಾದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಬಾರದು. ತಲೆಗೆ ಟೊಪ್ಪಿಗೆ ಬೇಕು, ಉಗುರು ಕತ್ತರಿಸಿರಬೇಕು, ವರ್ಷಕ್ಕೊಮ್ಮೆ ಡಾಕ್ಟರ ಚೀಟಿ ಬೇಕು. ಅವಘಡವೇನಾದರೂ ಆದರೆ ಮ್ಯಾನೇಜರ್ ಪುಸ್ತಕದಲ್ಲಿ ಬರೆದಿಡಬೇಕು. ಶಾಂತಕ್ಕ ಎಲ್ಲವನ್ನೂ ಮಾಡಿದಳು. ಹದಿನೈದು ವರ್ಷದ ಚಟವಾಗಿದ್ದ ಪೇಪರ್ ಬಿಟ್ಟಳು. ಟೊಪ್ಪಿಗೆ ಹಾಕಿಕೊಂಡು ಕನ್ನಡಿ ನೋಡಿ ತಾನೇ ನಕ್ಕಳು. ಸರಕಾರಿ ದವಾಖಾನೆಗೆ ಹೋಗಿ ರಕ್ತ ಕೊಟ್ಟು, ಸೂಜಿ ಚುಚ್ಚಿಸಿಕೊಂಡು ಬಂದಳು. ಬೋರ್ಡಿನ ಏಳನೇ ಸಾಲೊಂದನ್ನು ಮಾತ್ರ ಮಾಡಲಿಲ್ಲ. ಬಳೆ, ಉಂಗುರ, ಗಡಿಯಾರ ಧರಿಸಬಾರದು.

"ಬಳಿ ತಗಿ ಅಂತ ಮುತ್ತೈದಿಗೆ ಹೇಳ್ತಾರೇನ್ರಿ?" ಎಂದಳು ಅವತ್ತು. ಕೊನೆಗೆ ಬಳೆಗಳ ಮೇಲೊಂದು ಬಟ್ಟೆ ಬಿಗಿದು ಕಟ್ಟಿಕೊಳ್ಳುವುದು ಎಂದಾಯಿತು. ಇವತ್ತು ಆ ಬಟ್ಟೆ ಎಣ್ಣೆಯಾಗಿತ್ತು. ತೊಳೆದು ಹಿತ್ತಲ ತಂತಿಗೆ ಹಾಕಿದ್ದಳು.

ನಿಜ ಹೇಳಬೇಕೆಂದರೆ ಶಾಂತಕ್ಕ ಮುತ್ತೈದೆಯಲ್ಲ. ಅವಳ ಗಂಡ ವಿರುಪಣ್ಣ ತೀರಿಕೊಂಡು ಹದಿನಾರು ವರ್ಷವಾಗಿತ್ತು. ತಳಕಲ್ಲಿನ ಗಂಡನ ಮನೆಯ ಹಿತ್ತಲಲ್ಲಿ, ಒಗೆಯುವ ಕಲ್ಲಿನ ಮೇಲೆ ಅವಳ ಎರಡೂ ಕೈ ಹಿಡಿದು ಕೂರಿಸಿ ಹೆಂಗಸರು ಬಳೆ ಒಡೆದಿದ್ದರು. ಅವತ್ತು ಯಾರೂ ಹೆಚ್ಚಿಸಿರಿ ಎನ್ನಲಿಲ್ಲ. "ಒಡೀರಿ, ಲಗೂನ ಒಡೀರಿ," ಎಂದಿತ್ತು ಒಂದು ದನಿ. ಆ ದನಿ ಯಾರದೆಂದು ಅವಳಿಗೆ ಗೊತ್ತು, ಇಂದಿಗೂ ಅವರ ಮನೆಯ ನೀರು ಕುಡಿಯುವುದಿಲ್ಲ. ಗಂಡ ಹೋದ ದುಃಖ ಒಂದು ಕಡೆ, ಈ ಮಾತು ಇನ್ನೊಂದು ಕಡೆ. ಎರಡರಲ್ಲಿ ಯಾವುದು ಹೆಚ್ಚು ಸುಟ್ಟಿತು ಎಂದು ಕೇಳಿದರೆ ಅವಳು ಉತ್ತರ ಹೇಳಲಾರಳು.

ಗಂಗಾವತಿಗೆ ಬಂದು ಗಾಡಿ ಹಾಕಿದ ಮೊದಲ ವರ್ಷ ಬೋಳು ಕೈಯಲ್ಲೇ ಹಿಟ್ಟು ಬಡಿದಳು. ಮಿರ್ಚಿ ತಿನ್ನಲು ಬಂದ ಕೆಲವರ ಕಣ್ಣು ಮಿರ್ಚಿಗಿಂತ ಮೊದಲು ಆ ಮುಂಗೈಯನ್ನೇ ನೋಡುತ್ತಿತ್ತು. ಒಬ್ಬಾಕಿನ ಇರ್ತೀಯೇನು, ಎಂದು ಕೇಳಿದವರೂ ಇದ್ದರು. ಪಕ್ಕದಲ್ಲಿ ಬಳೆಯ ಅಂಗಡಿ ಇಟ್ಟಿದ್ದ ಬಾನುಬೀ ಎಲ್ಲವನ್ನೂ ನೋಡುತ್ತಿದ್ದವಳು, ಒಂದು ದಿನ ಇವಳ ಕೈ ಹಿಡಿದೆಳೆದು ಕೂರಿಸಿಕೊಂಡು, ಏನೂ ಕೇಳದೆ ಹನ್ನೆರಡು ಹಸಿರು ಬಳೆ ಏರಿಸಿಬಿಟ್ಟಳು. ಅಂದಿನಿಂದ ಶಾಂತಕ್ಕನ ಗಂಡ ತಳಕಲ್ಲಿನಲ್ಲಿ ಹೊಲ ನೋಡಿಕೊಂಡಿದ್ದಾನೆ. ಕೇಳಿದವರಿಗೆಲ್ಲ ಅವಳು ಅದನ್ನೇ ಹೇಳುತ್ತಾಳೆ. ದವಾಖಾನೆಯ ಚೀಟಿಯಲ್ಲೂ ಗಂಡನ ಹೆಸರು ವಿರುಪಣ್ಣ ಎಂದು ಬರೆಸಿದ್ದಳು. ಇದ್ದಾನೋ ಇಲ್ಲವೋ ಎಂದು ಚೀಟಿ ಕೇಳಿರಲಿಲ್ಲ.

ಬಳೆಯಲ್ಲಿ ಏನಿದೆ ಎನ್ನುವವರು ಎನ್ನಲಿ. ಒಂದು ಸಲ ಬೇರೆಯವರು ಒಡೆದದ್ದನ್ನು ಅವಳು ಮತ್ತೆ ಕಟ್ಟಿಕೊಂಡಿದ್ದಳು. ಏಳನೇ ಸಾಲಿಗಾಗಿ ಅದನ್ನು ಬಿಚ್ಚಿಡುವುದು ಅವಳಿಂದ ಆಗುವ ಕೆಲಸವಾಗಿರಲಿಲ್ಲ.

ಈಗ ಕಟ್ಟೆಯ ಮೇಲಿನ ಮುಕ್ಕಾದ ಬಳೆಯ ಮುಂದೆ ನಿಂತು ಅವಳು ಯೋಚಿಸಿದಳು. ಹೇಳಿದ್ದಂತೂ ಆಯಿತು. ಅವನಿಗೆ ತಿಳಿಯದಿದ್ದರೆ ತನ್ನ ತಪ್ಪೇ? ಈ ಎರಡು ಚೂರನ್ನು ತಿಪ್ಪೆಗೆ ಹಾಕಿ, ಹೊಸ ಹಿಟ್ಟು ಕಲಸಿದರೆ ಮುಗಿಯಿತು. ಮೂರನೆಯ ಚೂರು ಮಿರ್ಚಿಯೊಳಗೇ ಇದೆ ಎಂದು ಯಾರು ಹೇಳಬೇಕು? ಹಿಟ್ಟು ತೊಳೆದ ನೀರಿನ ಜೊತೆ ಮೋರಿಗೆ ಹೋಗಿರಬಹುದು. ಆದರೆ ಜರಡಿಯ ತೂತು ಎಷ್ಟು ಸಣ್ಣದೆಂದು ಅವಳಿಗೆ ಗೊತ್ತಿತ್ತು. ಅವಳೇ ಆರಿಸಿ ತಂದ ಜರಡಿ ಅದು.

ಟೊಪ್ಪಿಗೆ ಹಾಕಿಕೊಂಡೇ ಅವಳು ಅಡುಗೆಮನೆಯಿಂದ ಹೊರಗೆ ನಡೆದಳು. ಗಿರಾಕಿಗಳು ಕೂರುವ ಕಡೆಗೆ ಅವಳು ಬಂದದ್ದು ಅದೇ ಮೊದಲು.

ಹೊತ್ತು ಇನ್ನೂ ಐದೂವರೆ. ಕುಡಿಯುವವರು ಬಂದಿರಲಿಲ್ಲ. ಗಿರಣಿಯ ಕಾಲದ ತೂಕದ ತಕ್ಕಡಿಯ ಪಕ್ಕದ ಟೇಬಲ್ಲಿನಲ್ಲಿ ಕೊಟ್ರಬಸಪ್ಪ ಸಾವಕಾರರು ಒಬ್ಬರೇ ಇದ್ದರು. ಜೀವಮಾನದಲ್ಲಿ ಒಂದು ಹನಿ ಕುಡಿದವರಲ್ಲ. ಆದರೂ ದಿನಾ ಸಂಜೆ ಬಂದು, ಮಗನ ಡ್ರಮ್ಮುಗಳ ಕಡೆ ಬೆನ್ನು ಹಾಕಿ ಕೂತು, ಎರಡು ಮಿರ್ಚಿ ತಿಂದು ಚಹಾ ಕುಡಿದು ಹೋಗುತ್ತಿದ್ದರು. ಹಲ್ಲು ಅರ್ಧಕ್ಕರ್ಧ ಹೋಗಿದ್ದರಿಂದ ಒಂದು ಮಿರ್ಚಿಗೆ ಹತ್ತು ನಿಮಿಷ ಬೇಕಾಗುತ್ತಿತ್ತು.

ತಾಟಿನಲ್ಲಿ ಒಂದು ಮಿರ್ಚಿ ಇತ್ತು. ಇನ್ನೊಂದು ಅರ್ಧಕ್ಕೆ ನಿಂತಿತ್ತು.

"ತಿನ್ನಬ್ಯಾಡ್ರಿ ಸಾವಕಾರ್ರ," ಎಂದಳು ಶಾಂತಕ್ಕ. "ಹಿಟ್ಟಿನ್ಯಾಗ ನನ್ನ ಬಳಿ..." ಅಲ್ಲಿಗೆ ನಾಲಿಗೆ ನಿಂತಿತು. ಹದಿನಾರು ವರ್ಷದ ಹಿಂದೆ ಕೇಳಿದ್ದ ಆ ಮಾತನ್ನು ಅವಳು ತನ್ನ ಬಾಯಲ್ಲಿ ಎಂದೂ ಆಡಿರಲಿಲ್ಲ. "ನನ್ನ ಬಳಿ ಒಡದೈತ್ರಿ."

ಮುದುಕರು ತಲೆ ಎತ್ತಿದರು. "ಹೆಚ್ಚೈತಿ ಅನ್ನವ್ವ. ದೀಪ ಹಚ್ಚೂ ಹೊತ್ತಿನ್ಯಾಗ ಹಂಗ ಅನ್ನಬಾರದು."

"ಹಂಗ ಅಂದು ನೋಡಿದೆರಿ. ಕೇಳಿದವರಿಗೆ ತಿಳೀಲಿಲ್ಲ."

ಕೊಟ್ರಬಸಪ್ಪ ಸುತ್ತ ನೋಡಿ, ಟೇಬಲ್ಲಿನ ಕೆಳಗಿದ್ದ ಎಡಗೈ ಮೇಲೆತ್ತಿ ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಹಸಿರು ಚೂರೊಂದಿತ್ತು. "ನನಗ ಆಗಳೇ ಸಿಕ್ಕೈತಿ. ಕಿಸೆದಾಗ ಹಾಕ್ಕೊಂಡು ಹೋಗಿ ಕಾಲುವಿಗೆ ಒಗೀಬೇಕು ಅಂತಿದ್ದೆ. ಆ ಹುಡುಗ ಪುಸ್ತಕದಾಗ ಬರದ್ನಂದ್ರ ನಿನಗ ತೊಂದ್ರಿ. ಹೋಗು, ಇನ್ನೆರಡು ಕರಕೊಂಡು ಬಾ. ನಾನೂ ಹೇಳಂಗಿಲ್ಲ, ನೀನೂ ಹೇಳಬ್ಯಾಡ."

ಅವಳಿಗೆ ಅಳು ಬಂದಂತಾಯಿತು. ಇಷ್ಟು ದಿನ ಕರಿದು ಹಾಕಿದ್ದಕ್ಕೆ ಒಬ್ಬರಾದರೂ ತನ್ನ ಕಡೆ ಇದ್ದಾರಲ್ಲ ಎನ್ನಿಸಿತು. ಆಗ ಅವರ ಮಡಿಲಲ್ಲಿದ್ದ ಬಿಳಿ ಕರವಸ್ತ್ರ ಕಂಡಿತು. ಅದರ ಮೇಲೆ ಕಡಲೆಕಾಳಿನಷ್ಟು ಕೆಂಪಿತ್ತು.

"ಬಾಯಿ ಕೊಯ್ದೈತೇನ್ರಿ?"

"ಏ, ಹಲ್ಲಿಲ್ಲದ ಬಾಯಿ. ಅದಕ್ಕೇನಾಗ್ತೈತಿ."

ಶಾಂತಕ್ಕ ಅವರ ಅಂಗೈಯಿಂದ ಚೂರು ತೆಗೆದುಕೊಂಡಳು. "ರುದ್ರೇಶಪ್ಪಾರ," ಎಂದು ಅಡುಗೆಮನೆಯ ಕಡೆ ತಿರುಗಿ ಕೂಗಿದಳು, "ನಿಮ್ಮ ಪುಸ್ತಕ ತಗೊಂಡು ಇಲ್ಲೆ ಬರ್ರಿ."

ಅವನು ಬಂದ, ಚೂರು ನೋಡಿದ, ಕರವಸ್ತ್ರ ನೋಡಿದ, ಅವನ ಮುಖ ಇಳಿಯಿತು. ಮುದುಕರ ಬಾಯಿ ತೆರೆಸಿ ಫೋನಿನ ಬೆಳಕು ಬಿಟ್ಟು ನೋಡಿ, ಒಸಡಿನ ಗೀರು ಸಣ್ಣದೆಂದು ಖಾತ್ರಿಯಾದ ಮೇಲೆ ಸಿಟ್ಟು ಬಂತು. "ಇಷ್ಟೊತ್ತು ಯಾಕ ಹೇಳಲಿಲ್ಲ ಅಕ್ಕಾರ?"

"ಹೇಳಿದೆರಿ. ಬಳಿ ಹೆಚ್ಚೈತಿ ಅಂತ."

"ಒಡದದ್ದಕ್ಕ ಹೆಚ್ಚೈತಿ ಅಂದ್ರ ನಾ ಏನ ತಿಳ್ಕೋಬೇಕ್ರಿ?"

"ನಿಮ್ಮವ್ವ..." ಎಂದು ಶುರು ಮಾಡಿದ ಕೊಟ್ರಬಸಪ್ಪ ಅರ್ಧಕ್ಕೆ ನುಂಗಿಕೊಂಡರು. "ಮನ್ಯಾಗ ಹೆಣಮಕ್ಕಳು ಹಂಗ ಅಂತಾರಪ್ಪ. ಒಡೀತು ಅಂದ್ರ ಗಂಡಗ ಕೇಡು ಅಂತ."

ರುದ್ರೇಶ ಪುಸ್ತಕ ಬಿಚ್ಚಿ ಪೆನ್ನು ಹಿಡಿದು ಕೂತ. ಅವಘಡ ಎಂಬ ಕಾಲಮ್ಮಿನ ಕೆಳಗೆ ಅದುವರೆಗೆ ಏನೂ ಬರೆದಿರಲಿಲ್ಲ. ಅವನ ದನಿ ತಗ್ಗಿತ್ತು. "ಏನಂತ ಬರೀಲಿ ಅಕ್ಕಾರ? ಹೆಚ್ಚಿದೆ ಅಂತ ಬರೀಲೇನು?"

"ಒಡದೈತಿ ಅಂತನ ಬರೀರಿ. ನನ್ನ ಗಂಡಗ ಇನ್ನೇನೂ ಕೇಡಾಗಂಗಿಲ್ಲ. ಹೋಗಿ ಹದಿನಾರು ವರ್ಷಾತು."

ಕೊಟ್ರಬಸಪ್ಪ ಅವಳ ಕೈಯ ಬಳೆಗಳನ್ನು ನೋಡಿದರು, ಆಮೇಲೆ ನೋಡಬಾರದಿತ್ತು ಎನ್ನುವವರಂತೆ ತಕ್ಕಡಿಯ ಕಡೆ ಮುಖ ತಿರುಗಿಸಿದರು. ತಮ್ಮ ಮುಂದಿದ್ದ ನೀರಿನ ಗ್ಲಾಸನ್ನು ಅವಳ ಕಡೆ ಸರಿಸಿದರು. ಶಾಂತಕ್ಕ ನಿಂತೇ ನೀರು ಕುಡಿದಳು. ರುದ್ರೇಶ ತೋರಿಸಿದ ಜಾಗದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

"ಗುರುವಾರ ಮೇಡಂ ಬರ್ತಾರ," ಎಂದ ರುದ್ರೇಶ. "ಇನ್ನ ಮ್ಯಾಲ ನಾ ಬಟ್ಟಿ ಕಟ್ಟಿಸಿ ಮುಚ್ಚಾಕ ಬರಂಗಿಲ್ಲ. ಬಳಿ ಇರಬೇಕು, ಇಲ್ಲಾ ಒಲಿ ಇರಬೇಕು. ನನಗ ಬೈಬ್ಯಾಡ್ರಿ."

"ನಿಮಗ್ಯಾಕ ಬೈಲಿ," ಎಂದಳು.

ಮರುದಿನ ಬೆಳಿಗ್ಗೆ ಅವಳು ಬಸ್ ಸ್ಟ್ಯಾಂಡಿಗೆ ಹೋಗಿ ಬಾನುಬೀಯ ಮುಂದೆ ಕೈ ಚಾಚಿ ಕೂತಳು. ಬಾನುಬೀ ಹಾಕಿದ ಬಳೆ ಎಂದರೆ ಚರ್ಮಕ್ಕೆ ಅಂಟಿದ ಹಾಗೆ. ಕೈಯನ್ನು ಹಿಟ್ಟಿನುಂಡೆಯಂತೆ ಹಿಸುಕಿ ಏರಿಸುತ್ತಾಳೆ. ಒಮ್ಮೆ ಏರಿದರೆ ಒಡೆದುಕೊಂಡೇ ಇಳಿಯಬೇಕು. ಬಿಗಿಯಾಗಿ ಕೂತಷ್ಟೂ ಬಳೆಗಾರ್ತಿಗೆ ಹೆಸರು.

"ಎಲ್ಲಾ ತಗಿಬೇಕು ಬಾನುಬೀ."

ಬಾನುಬೀ ಅಭ್ಯಾಸದಂತೆ ಪಕ್ಕದ ಸಣ್ಣ ಕಲ್ಲಿಗೆ ಕೈ ಹಾಕಿದಳು. ಶಾಂತಕ್ಕ ಮುಂಗೈಯನ್ನು ಸೆರಗಿನೊಳಗೆ ಎಳೆದುಕೊಂಡುಬಿಟ್ಟಳು. "ಕಲ್ಲು ಬ್ಯಾಡ. ಇಡೀದು ತಗಿ."

"ಹೆಂಗ ಬರ್ತಾವವ್ವ ಇಡೀದು?"

"ಸಾಬಾಣ ಹಚ್ಚು. ನೋವಾದ್ರ ಆಗಲಿ."

ಒಂದು ತಾಸು ಹಿಡಿಯಿತು. ಸೋಪಿನ ನೊರೆಯಲ್ಲಿ ಒಂದೊಂದಾಗಿ ಹತ್ತು ಬಳೆ ಗೆಣ್ಣು ದಾಟಿ ಇಳಿದವು. ಎಡಗೈಯ ಕೊನೆಯದೊಂದು ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿ, ಟಪ್ಪೆಂದು ಎರಡಾಯಿತು. ಬಾನುಬೀ ನಾಲಿಗೆ ಕಚ್ಚಿಕೊಂಡಳು. "ಠಂಡಿ ಆತು," ಎಂದಳು. "ನಮ್ಮೊಳಗೂ ಒಡೀತು ಅನ್ನಂಗಿಲ್ಲಕ್ಕಾ. ಬಳಿ ತಣ್ಣಗಾತು ಅಂತೀವಿ."

ಹತ್ತು ಹನ್ನೆರಡು ವರ್ಷ ಪಕ್ಕದಲ್ಲಿ ಕೂತಿದ್ದರೂ ಶಾಂತಕ್ಕ ಈ ಮಾತು ಕೇಳಿರಲಿಲ್ಲ. ಅವಳಿಗೆ ನಗು ಬಂತು. ತನ್ನ ಬೋಳು ಮುಂಗೈಗಳನ್ನು ನೋಡಿಕೊಂಡಳು. ಕೆಂಪಗೆ ಬಾತಿದ್ದವು, ಬಳೆ ಕೂತಿದ್ದಲ್ಲೆಲ್ಲ ತಿಳಿಬಣ್ಣದ ಪಟ್ಟಿ ಎದ್ದಿತ್ತು. ಭಯವಾಗುತ್ತದೆ ಎಂದುಕೊಂಡಿದ್ದಳು. ಕೈ ಉರಿಯುತ್ತಿತ್ತು, ಅಷ್ಟೇ.

"ಇನ್ನ ಹನ್ನೆರಡು ಕೊಡು. ಹಸರನ. ಅಳತಿ ಎರಡು ದೊಡ್ಡದು. ನಾನ ಹಾಕ್ಕೊಂಡು ನಾನ ತಗಿಯಂಥವು."

"ಜೋಲಾಡ್ತಾವ. ಯಾರದೋ ಇಸಗೊಂಡು ಹಾಕ್ಕೊಂಡಾಳ ಅಂತಾರ ಮಂದಿ."

"ಅನ್ನಲಿ."

ಬಳೆ ಏರಿಸಿದ ಮೇಲೆ ಬಳೆಗಾರ್ತಿಗೆ ಕೈ ಮುಗಿಯುವುದು ರೂಢಿ. ಈ ಸಲ ಏರಿಸಿಕೊಂಡವಳು ತಾನೇ ಆದರೂ ಶಾಂತಕ್ಕ ಕೈ ಮುಗಿದೇ ಎದ್ದಳು.

ಗುರುವಾರ ಸುರೇಖಾ ಮೇಡಂ ಬಂದರು. ಎಣ್ಣೆಯೊಳಗೆ ಕಡ್ಡಿ ಅದ್ದಿ ನೋಡಿದರು, ಫ್ರಿಜ್ಜಿನ ಬಾಗಿಲ ರಬ್ಬರಿಗೆ ಬೆರಳು ಒತ್ತಿದರು, ಶಾಂತಕ್ಕನ ಉಗುರು ತಿರುಗಿಸಿ ನೋಡಿದರು. ಎಳೆಯ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ಕೊನೆಗೆ ಅವಘಡದ ಪುಸ್ತಕ ಬಿಚ್ಚಿದರು. ರುದ್ರೇಶನ ಕುತ್ತಿಗೆಯಲ್ಲಿ ಬೆವರು ಕಂಡಿತು.

"ಇದನ್ನ ಹೇಳಿದವರು ಯಾರು?"

"ಅವರ ಬಂದು ಹೇಳಿದ್ರಿ ಮೇಡಂ," ಎಂದು ರುದ್ರೇಶ ಶಾಂತಕ್ಕನ ಕಡೆ ಕೈ ಮಾಡಿದ.

ಮೇಡಂ ಅವಳನ್ನು ಒಂದು ಗಳಿಗೆ ನೋಡಿದರು. "ಜಿಲ್ಲಾದಾಗ ಎಲ್ಲಾ ಕಡಿ ಈ ಪುಸ್ತಕ ನೋಡ್ತೀನಿ. ಎಲ್ಲಾ ಕಡಿ ಖಾಲಿ ಇರ್ತಾವ," ಎಂದರು. ಅಷ್ಟು ಹೇಳಿ ಹೊರಡಲು ತಿರುಗಿದವರು ಬಾಗಿಲ ಪಕ್ಕದಲ್ಲಿ ನಿಂತರು. ಹಿಂದೆ ಗಿರಣಿಯ ಚೀಟಿಗಳನ್ನು ಚುಚ್ಚುತ್ತಿದ್ದ ಮೊಳೆಯೊಂದು ಅಲ್ಲಿತ್ತು. ಅದಕ್ಕೆ ಹನ್ನೆರಡು ಹಸಿರು ಬಳೆ ತೂಗುತ್ತಿದ್ದವು.

"ಇವು ಯಾರವು?"

"ನನ್ನವ್ರಿ," ಎಂದಳು ಶಾಂತಕ್ಕ. "ಒಳಗ ಬರೂವಾಗ ತಗೀತೀನಿ. ಹೊರಗ ಹೋಗೂವಾಗ ಹಾಕ್ಕೋತೀನಿ."

ಮೇಡಂ ಬಳೆ ನೋಡಿದರು, ಅವಳ ಬೋಳು ಮುಂಗೈ ನೋಡಿದರು. ಒಲೆಯ ಮೇಲೆ ಎಣ್ಣೆ ಸಣ್ಣಗೆ ಸದ್ದು ಮಾಡುತ್ತಿತ್ತು. ಮೇಡಂ ತಪಾಸಣೆಯ ಕಾಗದದ ಕೊನೆಯಲ್ಲಿ ಏನೋ ಒಂದು ಸಾಲು ಸೇರಿಸಿದರು.

"ಮೊಳಿಗೆ ಹಾಕಬ್ಯಾಡ್ರಿ, ಧೂಳ ಕೂಡ್ತೈತಿ. ಅಡಗಿಮನಿ ಹೊರಗ, ಮುಚ್ಚಳ ಇರೂ ಡಬ್ಬಿಯಾಗ ಇಡ್ರಿ. ಡಬ್ಬಿ ಮ್ಯಾಲ ಹೆಸರು ಬರೀರಿ."

ಅಂದೇ ಮಧ್ಯಾಹ್ನ ಶಾಂತಕ್ಕ ಖಾಲಿಯಾದ ಅಜವಾನದ ಡಬ್ಬಿಯೊಂದನ್ನು ತಿಕ್ಕಿ ಒರೆಸಿದಳು. ರುದ್ರೇಶ ಅದಕ್ಕೆ ಬಿಳಿ ಚೀಟಿ ಅಂಟಿಸಿ, ಉಳಿದ ಡಬ್ಬಿಗಳಿಗೆ ಬರೆದ ಹಾಗೆಯೇ ದುಂಡಗೆ ಬರೆದ. ಶಾಂತಕ್ಕ, ಬಳೆ. ಅದರ ಕೆಳಗೆ ತಾರೀಖು ಬರೆಯಲು ಹೋಗಿ ಬಿಟ್ಟ.

ಸಂಜೆ ಕೆಲಸ ಮುಗಿಸಿ, ಟೊಪ್ಪಿಗೆ ತೆಗೆದಿಟ್ಟು, ಡಬ್ಬಿ ತೆರೆದು ಎರಡೂ ಕೈಗೆ ಆರಾರು ಹಾಕಿಕೊಂಡಳು. ತಕ್ಕಡಿಯ ಪಕ್ಕದಲ್ಲಿ ಕೂತಿದ್ದ ಕೊಟ್ರಬಸಪ್ಪ ಬಳೆಯ ಸದ್ದಿಗೆ ತಲೆ ಎತ್ತಿ, "ಹೊಂಟೇನವ್ವ?" ಎಂದರು. "ಬರ್ತೀನ್ರಿ," ಎಂದಳು.

ಗಂಗಾವತಿಯ ಬಸ್ಸಿನಲ್ಲಿ ಕೂರಲು ಜಾಗ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಮೂಗು ಅರಳಿಸಿ, "ಅಜವಾನದ ವಾಸನಿ ಬರಾಕತ್ತೈತಿ. ಏನ ಒಯ್ಯಾಕತ್ತೀರಿ?" ಎಂದು ಕೇಳಿದಳು.

"ಏನಿಲ್ರಿ," ಎಂದು ಶಾಂತಕ್ಕ ಮೇಲಿನ ಕಂಬಿ ಹಿಡಿಯಲು ಕೈ ಎತ್ತಿದಳು. ಆರೂ ಬಳೆಗಳು ಮುಂಗೈಯಿಂದ ಜಾರಿ, ಒಂದಕ್ಕೊಂದು ತಾಕುತ್ತ, ಮೊಣಕೈವರೆಗೆ ಇಳಿದು ಬಂದವು.